ಅರ್ಧ ನಿಮಿಷದ ಮನೆ ಸಮಾಚಾರ

"ಇವತ್ತು ಮಗಳಿಗೆ ಮನೆ ಸಮಾಚಾರ ಹೇಳೋದು ನಾನು! ಅರ್ಧ ನಿಮಿಷ ಸಾಕು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಮ್ಮಿ ಇಲ್ಲ. ನೋಡ್ತಾ ಇರು!"

ಹೀಗೆಂದು ಕತ್ತರಿ ಸಾಹೇಬರು ಬನಿಯನ್ನಿನ ಮೇಲೆ ಅಂಗಿ ತೊಟ್ಟು ಗುಂಡಿ ಹಾಕಿಕೊಂಡರು. ಫೋನಿನಲ್ಲಿ ಹೋಗುವುದು ಬರೀ ಧ್ವನಿ. ಆದರೂ ಸುದ್ದಿ ಅಂದಮೇಲೆ ಒಂದು ಗಾಂಭೀರ್ಯ ಬೇಡವೇ! ಪತ್ರಿಕಾ ಕಚೇರಿಯಲ್ಲಿ ವರದಿಗಾರರು ಉದ್ದುದ್ದ ಬರೆದು ತಂದದ್ದನ್ನು ಗಿಡ್ಡ ಮಾಡುವುದೇ ಅವರ ಕಸುಬು. ಮಹಾಪೂರವೇ ಬಂದರೂ ಅವರ ಮೇಜು ದಾಟುವಷ್ಟರಲ್ಲಿ ಚರಂಡಿ ನೀರಿನಷ್ಟಾಗಿರುತ್ತಿತ್ತು. 'ಕತ್ತರಿ' ಎಂಬುದು ಸಹೋದ್ಯೋಗಿಗಳು ಬೆನ್ನ ಹಿಂದೆ ಇಟ್ಟ ಹೆಸರು. ಸಾಹೇಬರು ಅದನ್ನು ಬಿರುದೆಂದೇ ತಿಳಿದು ಮೆರೆಯುತ್ತಿದ್ದರು.

ಅವರ ಕತ್ತರಿಗೆ ಸಿಗದೆ ಉಳಿದದ್ದು ಹೆಂಡತಿಯ ಧ್ವನಿಸಂದೇಶ ಮಾತ್ರ. ಮಗಳು ನಾಟಕ ತಂಡವೊಂದರ ಜೊತೆ ಊರೂರು ಸುತ್ತುತ್ತಾ ರಂಗದ ದೀಪಗಳನ್ನು ನೋಡಿಕೊಳ್ಳುವವಳು. ಅಮ್ಮ ದಿನಾ ಬೆಳಿಗ್ಗೆ ಅವಳಿಗೆ ಮನೆ ಸಮಾಚಾರ ಕಳಿಸಬೇಕು. ಅದು ಹೀಗಿರುತ್ತಿತ್ತು: "ಪುಟ್ಟೀ, ಬಾಗಿಲು ತೆಗೆದ್ರೆ ಎದುರುಮನೆ ಬೆಕ್ಕು ಚಪ್ಪಲಿ ಮೇಲೆ ಮಲಗಿತ್ತು ಕಣೆ, ಯಾವ ಚಪ್ಪಲಿ ಅಂದ್ರೆ, ನೀನು ಕಚ್ಚುತ್ತೆ ಅಂತ ಬಿಟ್ಟು ಹೋದೆಯಲ್ಲ, ಅದು. ಬೆಕ್ಕಿಗೆ ಕಚ್ಚಲ್ವಂತೆ!"

"ಇದರಲ್ಲಿ ಸುದ್ದಿ ಎಲ್ಲಿದೆ?" ಎಂದು ಸಾಹೇಬರು ತಲೆ ಚಚ್ಚಿಕೊಳ್ಳುತ್ತಿದ್ದರು.

"ನಿಮಗೆ ಗೊತ್ತಾಗಲ್ಲ, ಬಿಡಿ" ಎನ್ನುತ್ತಿದ್ದಳು ಹೆಂಡತಿ.

ಈಗ ಆ ಬಾಯಿಗೆ ಬೀಗ ಬಿದ್ದಿತ್ತು! ಹೆಂಡತಿ ಕಾರು ಓಡಿಸುವುದನ್ನು ಕಲಿಸುವ ಗುರು. ಹಿಂದಿನ ದಿನ ಅವಳ ಶಿಷ್ಯನಾದ ದರ್ಜಿಯೊಬ್ಬ, ಗುರುಗಳನ್ನು ಮನೆಗೆ ಬಿಡುವ ಭಕ್ತಿಯಲ್ಲಿ, ಮುಂದೆ ಹೋಗುವ ಗೇರಿನ ಬದಲು ಹಿಂದೆ ಹೋಗುವ ಗೇರು ಹಾಕಿದ. "ಬ್ರೇಕ್! ಬ್ರೇಕ್!" ಎಂದು ಅವಳು ಕಿರುಚಿದ ಕಿರುಚಿಗೆ ಗಂಟಲು ಕೂತಿತು, ಗೇಟು ಮಲಗಿತು. ಡಾಕ್ಟರು ಪಿಸುಮಾತೂ ಆಡಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಅದಕ್ಕೇ ಸಾಹೇಬರ ಮುಖದಲ್ಲಿ ಈ ಕಳೆ.

ಹೆಂಡತಿ ಬೇಡವೆಂದು ಕೈಯಾಡಿಸಿದಳು. "ಸುಮ್ನಿರು, ನಿಂಗೆ ವಿಶ್ರಾಂತಿ ಬೇಕು" ಎಂದರು ಸಾಹೇಬರು. ಅವಳು ಹಣೆಗೆ ಕೈ ಹಚ್ಚಿ, ಒಗೆದ ಬಟ್ಟೆಯ ಬಕೀಟು ಹಿಡಿದು ಮಹಡಿ ಹತ್ತಿದಳು.

ಸಾಹೇಬರು ಹಾಳೆಯ ಮೇಲೆ ಸಮಾಚಾರ ಬರೆದರು. ಕೆಂಪು ಪೆನ್ನು ತೆಗೆದು ದರ್ಜಿಯನ್ನು ಹೊಡೆದುಹಾಕಿದರು. ಗೇಟನ್ನು ತೆಗೆದರು. ಡಾಕ್ಟರು, ಗಂಟಲು, ಎಲ್ಲಾ ಹೆಚ್ಚುವರಿ! ಉಳಿದ ಅಪ್ಪಟ ಬಂಗಾರವನ್ನು ವಾರ್ತಾವಾಚಕರ ಗಡಸು ದನಿಯಲ್ಲಿ ಫೋನಿಗೆ ಒಪ್ಪಿಸಿದರು:

"ಮಗಳೇ. ನಿನ್ನೆಯಿಂದ ಅಮ್ಮನ ಮಾತು ನಿಂತಿದೆ. ಬಿಸಿನೀರು ಮಾತ್ರ ಗುಟುಕು ಗುಟುಕಾಗಿ ಇಳಿಯುತ್ತಿದೆ. ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು. ಮನೆಯಲ್ಲಿ ಒಂದು ದೀಪ ಆರಿದೆ. ಗಾಬರಿ ಬೇಡ. ಇಂತಿ, ಅಪ್ಪ."

ಒಂದೊಂದು ಮಾತೂ ನಿಜ! ಸಾಹೇಬರು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಅಪ್ಪಾ! ಅಮ್ಮಂಗೆ ಏನಾಯ್ತು? ಫೋನ್ ಕೊಡು ಅಮ್ಮಂಗೆ!"

"ಅವಳು ಮಾತಾಡೋ ಸ್ಥಿತೀಲಿಲ್ಲ ಮಗಳೇ."

"ಅಯ್ಯೋ! ಎಲ್ಲಿದ್ದಾಳೆ ಈಗ?"

"ಈಗ ತಾನೇ ಮೇಲೆ ಹೋದ್ಲು."

ಆ ಕಡೆಯಿಂದ ಬಂದ ಕೂಗಿಗೆ ಸಾಹೇಬರ ಕೈಯಿಂದ ಫೋನು ಜಾರಿತು. ಎತ್ತಿಕೊಳ್ಳುವಷ್ಟರಲ್ಲಿ ಲೈನು ಕಟ್. ತಾವೇ ಮಾಡಿದರೆ ಬ್ಯುಸಿ. ಹೆಂಡತಿ ಖಾಲಿ ಬಕೀಟಿನೊಡನೆ ಇಳಿದು ಬಂದಾಗ ಅವರು ಫೋನನ್ನು ಕೊಡವುತ್ತಾ ನಿಂತಿದ್ದರು. ಅವಳು ಅದನ್ನು ಕಸಿದು ಗಂಡ ಕಳಿಸಿದ ಸಮಾಚಾರ ಕೇಳಿದಳು. ಕೇಳುತ್ತಾ ಕೇಳುತ್ತಾ ಅವಳ ಬಲಗಾಲು ಇಲ್ಲದ ಬ್ರೇಕನ್ನು ನೆಲದಲ್ಲಿ ಒತ್ತತೊಡಗಿತು. ಅದರ ಕೆಳಗೇ ಮಗಳ ಉತ್ತರ: "ಬಸ್‌ಸ್ಟ್ಯಾಂಡಿಗೆ ಬಂದೆ. ನಾಟಕ ಬಿಟ್ಟು ಹೊರಟಿದ್ದೀನಿ."

ಅದನ್ನು ಓದಿ ಹೆಂಡತಿ ಕುರ್ಚಿಯಲ್ಲಿ ಕುಸಿದಳು. ಇಷ್ಟು ದಿನ ಇನ್ನೊಬ್ಬರ ಕೈಕೆಳಗೆ ತಂತಿ ಎಳೆಯುತ್ತಿದ್ದ ಮಗಳಿಗೆ ಅಂದು ಸಂಜೆ ಮೊದಲ ಸಲ ಇಡೀ ರಂಗದ ಬೆಳಕು ಒಪ್ಪಿಸಿದ್ದರು. ಅವಳು ಬಸ್ಸು ಹತ್ತಿದರೆ ಮುಗಿಯಿತು, ಇನ್ನೊಮ್ಮೆ ಯಾರು ಕೊಡುತ್ತಾರೆ? ಸಾಹೇಬರಿಗೆ ಅಂಗಿಯೊಳಗೇ ಬೆವರಿಳಿಯಿತು.

ಕೊನೆಗೂ ಫೋನು ಸಿಕ್ಕಿತು. "ಅಮ್ಮ ಚೆನ್ನಾಗಿದ್ದಾಳಮ್ಮಾ!" ಎಂದರು.

"ಸುಳ್ಳು! ಹಾಗಿದ್ರೆ ದನಿ ಕೇಳಿಸು."

ಹೆಂಡತಿ ಡಾಕ್ಟರ ಅಪ್ಪಣೆಯನ್ನು ಗಾಳಿಗೆ ತೂರಿ ಬಾಯಿ ತೆರೆದಳು. "ಗ್ರ್... ಹ್ಹ... ಗೊರ್ರ್..."

"ಅಯ್ಯೋ ಅಮ್ಮಾ! ಉಸಿರಾಡೋಕೂ ಆಗ್ತಾ ಇಲ್ವಲ್ಲಪ್ಪಾ!"

ವಿಡಿಯೋದಲ್ಲಿ ಮುಖವನ್ನೇ ತೋರಿಸಿಬಿಡೋಣವೆಂದರೆ, ಬಸ್‌ಸ್ಟ್ಯಾಂಡಿನ ಕೆಟ್ಟ ಸಿಗ್ನಲ್ಲಿಗೆ ಹೆಂಡತಿಯ ಮುಖ ಕಣ್ಣು ಮುಚ್ಚಿಕೊಂಡೇ ಅಲ್ಲಾಡದೆ ನಿಂತುಬಿಟ್ಟಿತು! ಮಗಳ ಅಳು ತಾರಕಕ್ಕೇರಿತು. ಹಿಂದೆ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು.

ಹೆಂಡತಿ ಗಂಡನ ಜೇಬಿನಿಂದ ಪೆನ್ನು ಕಿತ್ತು ಬರಬರನೆ ಬರೆಯತೊಡಗಿದಳು. ಓದಿ ಎಂದು ಕಣ್ಣಲ್ಲೇ ಆಜ್ಞೆ ಮಾಡಿದಳು. ಸಾಹೇಬರು ಓದಿದರು:

"ಪುಟ್ಟೀ, ಮೊದಲು ಬ್ಯಾಗು ಕೆಳಗಿಡು. ಎಡ ಭುಜಕ್ಕೇ ಹಾಕ್ಕೊಂಡಿರ್ತೀಯ. ನಿಂಗೆ ನೋಯೋದೂ ಅದೇ ಭುಜ."

ಆ ಕಡೆ ಅಳು ತುಸು ತಗ್ಗಿತು. ಧೊಪ್ಪೆಂದು ಏನೋ ಕೆಳಗಿಟ್ಟ ಸದ್ದು.

"ಹಿತ್ತಿಲ ನಲ್ಲಿ ಸೋರೋದು ನಿಂತಿದೆ. ನಾನೇ ವಾಷರ್ ಹಾಕ್ದೆ. ಹಾಲಿನ ಪರದೆ ಬದಲಾಯಿಸಿದೀನಿ, ಹಳದಿದು. ನಿಮ್ಮಪ್ಪ ಮೂರು ದಿನದಿಂದ ಅದರ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ದಾರೆ, ಇನ್ನೂ ನೋಡಿಲ್ಲ."

ಸಾಹೇಬರು ತಲೆಯೆತ್ತಿದರು. ಹೌದಲ್ಲ, ಹಳದಿ!

"ನಮ್ಮ ದರ್ಜಿ ರಿವರ್ಸ್ ಹೊಡೆದು ಗೇಟು ಬೀಳಿಸಿದ. ನಾನು ಕಿರುಚಿ ಗಂಟಲು ಕಟ್ಟಿದೆ, ಅಷ್ಟೇ. ಬೀದಿಯವರು ನೋಡೋಕೆ ಬಂದಿದ್ದು ಗೇಟನ್ನ. ದೀಪ ಆರಿದ್ದು ನಿನ್ನ ರೂಮಿಂದು. ಆ ಬಲ್ಬು..."

ಇಲ್ಲಿ ಸಾಹೇಬರು ಮುಂದಿನ ಸಾಲನ್ನು ಕಣ್ಣಲ್ಲೇ ಓದಿಕೊಂಡರು. "ಬಲ್ಬು ಹೋಗಿದೆ" ಎಂದು ಮುಗಿಸಿ ಹಾಳೆ ಮಡಿಸಲು ಹೋದರು. ಹೆಂಡತಿಯ ಬಲಗಾಲಿನ ಬ್ರೇಕು ಅವರ ಪಾದದ ಮೇಲೆಯೇ ಬಿತ್ತು! "ಅಯ್ಯಪ್ಪಾ! ಓದ್ತೀನಿ, ಓದ್ತೀನಿ! ಆ ಬಲ್ಬು ಹೋಗದೆ ಇನ್ನೇನು? ನಿಮ್ಮಪ್ಪ ದಿನಾ ಸಂಜೆ ನಿನ್ನ ರೂಮಿಗೆ ಹೋಗಿ ಲೈಟ್ ಹಾಕ್ತಾರೆ, ಆರಿಸ್ತಾರೆ. ಯಾಕ್ರೀ ಅಂದ್ರೆ, ಸ್ವಿಚ್ಚು ಸರಿಯಾಗಿದೆಯಾ ನೋಡ್ತೀನಿ ಅಂತಾರೆ. ಸ್ವಿಚ್ಚಿಗೆ ಏನೂ ಆಗಿಲ್ಲ. ಆಗಿರೋದು ಅವರಿಗೆ. ಸಂಜೆ ಬೆಳಕು ಚೆನ್ನಾಗಿ ಹಾಕು. ಹೊಟ್ಟೆಗೂ ಏನಾದ್ರೂ ಹಾಕು."

ಕೊನೆಯ ಸಾಲುಗಳನ್ನು ಸಾಹೇಬರು ಒಂದು ಪದವೂ ಬಿಡದೆ ಓದಿದರು.

ಆ ಕಡೆ ಮೂಗು ಸೊರ್ರೆಂದ ಸದ್ದು, ಹಿಂದೆಯೇ ನಗು. "ಇದು ಅಮ್ಮಂದೇ! ನಿಂಗೆ ಇದ್ಯಾವುದೂ ಗೊತ್ತಿರೋಕೆ ಸಾಧ್ಯಾನೇ ಇಲ್ಲಪ್ಪಾ. ಅಮ್ಮಾ, ನಿಂಗೆ ಕೈಮುಗೀತೀನಿ, ಇನ್ಮೇಲೆ ಅಪ್ಪನ ಕೈಗೆ ಫೋನು ಕೊಡಬೇಡ!" ಬಸ್ಸು ಇನ್ನೊಮ್ಮೆ ಹಾರ್ನ್ ಹಾಕಿ ಅವಳಿಲ್ಲದೆಯೇ ಹೊರಟುಹೋಯಿತು.

ನಾಟಕದ ಬೆಳಕು ಅದ್ಭುತವಾಗಿತ್ತಂತೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಆ ಸುದ್ದಿ ಬಂದ ಮೇಲೆ ಕತ್ತರಿ ಸಾಹೇಬರು ಹೆಂಡತಿ ಬರೆದ ಹಾಳೆಯನ್ನು ಹರಡಿಕೊಂಡು ಕೂತರು. ಅಭ್ಯಾಸಬಲ, ಕೆಂಪು ಪೆನ್ನೂ ಕೈಗೆ ಬಂತು. ಆದರೆ ಎಲ್ಲಿ ಹಚ್ಚುವುದು? ಬ್ಯಾಗು ತೆಗೆದರೆ ಮಗಳ ಭುಜ ಹೋಗುತ್ತದೆ. ನಲ್ಲಿ ತೆಗೆದರೆ ಮನೆಯ ನೆಮ್ಮದಿಯೇ ಹೋಗುತ್ತದೆ. ಕೆಟ್ಟ ಸುದ್ದಿಯನ್ನು ಎಲ್ಲಿ ಇಡಬೇಕೋ ಅಲ್ಲೇ, ಮೆತ್ತಗೆ ಇಟ್ಟಿದ್ದಾಳೆ. ಇಂಥ ವರದಿಗಾರ್ತಿ ತಮ್ಮ ಇಡೀ ಕಚೇರಿಯಲ್ಲಿ ಇಲ್ಲವಲ್ಲ ಎಂದು ಹೆಮ್ಮೆಯಾಯಿತು, ಇಷ್ಟು ವರ್ಷ ತಲೆ ಚಚ್ಚಿಕೊಂಡದ್ದಕ್ಕೆ ನಾಚಿಕೆಯೂ ಆಯಿತು. "ನಿನ್ನಂಥೋಳು ಇಲ್ಲ ಕಣೇ!" ಎಂದು ಬಾಯಿಬಿಟ್ಟೇ ಹೇಳಿದರು. ಹೆಂಡತಿ ಹುಬ್ಬು ಹಾರಿಸಿ ನಕ್ಕಳು.

ವಾರದಲ್ಲಿ ಅವಳ ಗಂಟಲು ಬಿಟ್ಟಿತು. ಒಂದು ಬೆಳಿಗ್ಗೆ ಸಾಹೇಬರು ಹಾಲಿನಲ್ಲಿ ಪೇಪರ್ ಓದುತ್ತಿದ್ದಾಗ ಜೇಬಿನ ಫೋನು ಟಿಂಗ್ ಎಂದಿತು. ನೋಡಿದರೆ ಅಡುಗೆಮನೆಯಿಂದ ಹೆಂಡತಿಯದೇ ಧ್ವನಿಸಂದೇಶ, ಏಳು ನಿಮಿಷದ್ದು.

"ಏನೇ, ಪುಟ್ಟಿಗೆ ಕಳಿಸೋದು ತಪ್ಪಿ ನಂಗೂ ಬಂದಿದೆ!" ಎಂದು ಕೂಗಿದರು.

"ತಪ್ಪಿ ಅಲ್ಲ ಕಣ್ರೀ!" ಎಂದಿತು ಅಡುಗೆಮನೆಯಿಂದ ಗುಣವಾದ ಗಂಟಲು. "ಮನೇಲಿ ಇಲ್ಲದೋರಿಗೆಲ್ಲ ಕಳಿಸ್ತಾ ಇದ್ದೀನಿ!"