ಒಸಾಕದಲ್ಲಿ ನಾನು ಕೇಳಿಸಿಕೊಂಡ ಕನ್ನಡ

ಪ್ರವಾಸ ಮುಗಿಸಿ ಬಂದವರ ಭಾಷಣವೆಂದರೆ ನನಗೆ ಮೊದಲಿನಿಂದಲೂ ಅಲರ್ಜಿ. ಕೆನಡಾದ ನಮ್ಮ ಮಿಲ್ಟನ್ನಿನ ಕನ್ನಡ ಬಳಗದಲ್ಲಿ ತಿಂಗಳಿಗೊಬ್ಬರು ಯಾವುದಾದರೂ ಊರು ನೋಡಿಬಂದು, ಬೇಸ್‌ಮೆಂಟಿನಲ್ಲಿ ನಮ್ಮನ್ನೆಲ್ಲ ಕೂರಿಸಿ ಫೋಟೋ ತೋರಿಸುತ್ತಾರೆ. ಹೋದ ಸಲ ಪಕ್ಕದೂರು ಜಾರ್ಜ್‌ಟೌನಿನ ನಿವೃತ್ತ ಡಾಕ್ಟರು ರಾಮರಾಯರು ಅಲಾಸ್ಕದ ಹಿಮ ತೋರಿಸಿದರು. ನಮ್ಮದೇ ಡ್ರೈವ್‌ವೇಯಲ್ಲಿ ಮೊಣಕಾಲುದ್ದ ಬಿದ್ದಿದ್ದ ಹಿಮ ತೆಗೆಯುವುದು ಬಿಟ್ಟು ನಾವು ಅದನ್ನು ನೋಡಿದೆವು. ಅದಕ್ಕೆ ಅವರಿಗೊಂದು ಶಾಲು ಬೇರೆ!

ಹಾಗಾಗಿ ಕಂಪನಿ ಕೆಲಸಕ್ಕೆಂದು ಜಪಾನಿನ ಒಸಾಕಕ್ಕೆ ಹೊರಟಾಗಲೇ, ಮುಂದಿನ ಶಾಲು ನನ್ನ ಹೆಗಲೇರತಕ್ಕದ್ದು ಎಂದು ನಿಶ್ಚಯಿಸಿದೆ. ಹೆಂಡತಿ ವತ್ಸಲಾ ಕೂಡ ಜೊತೆಗೆ ಬಂದಳು.

ಮರಳಿ ಬಂದು ಭಾಷಣಕ್ಕೆ ಸಿದ್ಧನಾದೆ. ಸಾಕ್ಷಿಗಿರಲೆಂದು ಪಕ್ಕದ ಮನೆಯ ತನಾಕ ಅವರನ್ನೂ ಕರೆದೆ. ಅವರು ಒಸಾಕದಲ್ಲೇ ಹುಟ್ಟಿ ಬೆಳೆದವರು.

"ಅವ್ರನ್ಯಾಕ್ರೀ ಕರೆದ್ರಿ? ಸುಮ್ನೆ ರಿಸ್ಕು" ಅಂದಳು ವತ್ಸಲಾ.

"ರಿಸರ್ಚ್ ಮಾಡಿರೋನಿಗೆ ಎಂಥ ರಿಸ್ಕು?"

ಬೇಸ್‌ಮೆಂಟು ತುಂಬಿತ್ತು. ಶಾಲು ಮೇಜಿನ ಮೇಲಿತ್ತು. ನಾನು ಶುರು ಮಾಡಿದೆ. ಒಸಾಕದ ಹೋಟೆಲ್ ರೂಮು ನಮ್ಮ ಪ್ಯಾಂಟ್ರಿಗಿಂತ ಚಿಕ್ಕದು. ಟಾಯ್ಲೆಟ್ಟಿನ ಸಾಲು ಬಟನ್ನುಗಳಲ್ಲಿ ಒಂದನ್ನು ಒತ್ತಿ, ಚಿಮ್ಮಿದ ನೀರಲ್ಲಿ ನಾನು ಬಟ್ಟೆ ಸಮೇತ ಸ್ನಾನ ಮುಗಿಸಿದೆ. ರೈಲಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಇಡೀ ಬೋಗಿಯಲ್ಲಿ ಕೇಳುತ್ತಿದ್ದದ್ದು ನನ್ನ ದನಿಯೊಂದೇ.

"ಇವನ್ನೆಲ್ಲ ಯಾರು ಬೇಕಾದರೂ ಹೇಳಿಯಾರು" ಎಂದು ರಾಮರಾಯರತ್ತ ಒಂದು ನೋಟ ಬೀರಿದೆ. "ಆದರೆ ಜಪಾನಿ ಭಾಷೆ ಹುಟ್ಟಿದ್ದೇ ಕನ್ನಡದಿಂದ ಎಂಬುದನ್ನು ಕಂಡುಹಿಡಿದವನು ನಾನು. ಆ ಊರಲ್ಲಿ ಬಾಯಿಬಿಟ್ಟರೆ ಎಲ್ಲರೂ ಅನ್ನೋದು 'ಕುದಸಾಯ್'. ಅಂದರೆ ನಮ್ಮ 'ಕುಡಿಸಯ್ಯ'!"

ಹೋಟೆಲ್ ಕೌಂಟರಿನ ಹುಡುಗಿ ನನ್ನನ್ನು ಕಂಡೊಡನೆ "ಕುದಸಾಯ್" ಅಂದಿದ್ದಳು. ಪಾಪ, ಬಾಯಾರಿದೆ ಎಂದುಕೊಂಡು ನನ್ನ ನೀರಿನ ಬಾಟಲಿ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿ "ಅರಿಗಾತೋ" ಅಂದಳು. ಅಂದರೆ 'ಯಾರಿಗಾಯ್ತೋ', ಈ ಉಪಕಾರ ಯಾರಿಗಾಯ್ತೋ ಎಂಬ ವಿನಯ. ರೈಲ್ವೆ ಸ್ಟೇಷನ್ನಿನಲ್ಲಂತೂ ಧ್ವನಿವರ್ಧಕವೇ "ಕುದಸಾಯ್" ಎಂದು ಕೂಗುತ್ತಿತ್ತು. ಎಲ್ಲಿ ಕುಡಿಸುತ್ತಿದ್ದಾರೆಂದು ನೋಡಲು ಮುಂದೆ ಹೋದೆ. ಬಿಳಿ ಕೈಗವಸಿನ ಅಧಿಕಾರಿಯೊಬ್ಬ ಓಡೋಡಿ ಬಂದು ನನ್ನನ್ನು ಬಾಚಿ ತಬ್ಬಿಕೊಂಡ.

"ಟೊರೊಂಟೊದ ಟ್ರೈನಲ್ಲಿ ಇಷ್ಟು ವರ್ಷ ಓಡಾಡಿದೀವಲ್ಲ, ಒಬ್ಬನಾದ್ರೂ ತಬ್ಬಿಕೊಂಡಿದಾನಾ?" ಎಂದು ಕೇಳಿದೆ.

ಚಪ್ಪಾಳೆಯೋ ಚಪ್ಪಾಳೆ. ರಾಮರಾಯರ ಮುಖ ಇಂಗು ತಿಂದ ಮಂಗನಂತಾಗಿತ್ತು. ಗೆದ್ದೆ ಎಂದುಕೊಂಡು, ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿ ತನಾಕ ಅವರ ಮುಂದೆ ಮೈಕು ಹಿಡಿದೆ.

ಅವರು ತುಂಬ ಸಂಕೋಚಪಟ್ಟರು. ಕುದಸಾಯ್ ಅಂದರೆ 'ದಯವಿಟ್ಟು' ಎಂದರ್ಥವಂತೆ. ಕೌಂಟರಿನ ಹುಡುಗಿ ಹೇಳಿದ್ದು 'ದಯವಿಟ್ಟು ಸ್ವಲ್ಪ ಕಾಯಿರಿ' ಎಂದಿರಬೇಕಂತೆ. ಅರಿಗಾತೋ ಅಂದರೆ ಬರೀ 'ಧನ್ಯವಾದ'ವಂತೆ. ಧ್ವನಿವರ್ಧಕ ಹೇಳಿದ್ದು 'ರೈಲು ಬರುತ್ತಿದೆ, ದಯವಿಟ್ಟು ಹಳದಿ ಗೆರೆಯ ಹಿಂದೆ ನಿಲ್ಲಿ' ಎಂದಂತೆ.

ನಾನು ಮೈಕನ್ನು ಮೆಲ್ಲಗೆ ನನ್ನತ್ತ ಎಳೆದುಕೊಂಡೆ.

"ಅಯ್ಯೋ, ಹಂಗಾದ್ರೆ ಆ ಮನುಷ್ಯ ನಿಮ್ಮನ್ನ ತಬ್ಬಿಕೊಂಡಿದ್ದಲ್ಲ ಕಣ್ರೀ, ಟ್ರೈನಿಗೆ ಸಿಗದ ಹಾಗೆ ಹಿಂದಕ್ಕೆ ಎಳೆದದ್ದು!" ಅಂದಳು ವತ್ಸಲಾ. "ನೀವು ವಾಪಸ್ ತಬ್ಬಿಕೊಂಡು ಬೆನ್ನು ಬೇರೆ ತಟ್ಟಿದ್ರಿ."

ನಗುವಿನ ಅಬ್ಬರಕ್ಕೆ ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಬೇಸ್‌ಮೆಂಟಿಗಿಂತ ಕೆಳಗೆ ಹೋಗಲು ದಾರಿಯಿರಲಿಲ್ಲ. ರಾಮರಾಯರು ಉತ್ಸಾಹದಿಂದ ಎದ್ದು, ಮೇಜಿನ ಮೇಲಿದ್ದ ಶಾಲನ್ನು ತಮ್ಮ ಕೈಯಾರೆ ತನಾಕ ಅವರಿಗೆ ಹೊದಿಸಿದರು. ತನಾಕ ಸೊಂಟ ಬಾಗಿಸಿ ಭಾವುಕರಾಗಿ "ಅರಿಗಾತೋ" ಅಂದರು.

"ಯಾರಿಗಾಯ್ತೋ ಅಂತ ಕೇಳ್ತಿದಾರೆ" ಅಂದರು ರಾಮರಾಯರು.

ವತ್ಸಲಾ ನನ್ನ ಕಡೆ ಬೆರಳು ತೋರಿಸಿದಳು. "ಇವರಿಗೇ ಆಯ್ತು, ಮಂಗಳಾರತಿ."

ನನ್ನ ಇಡೀ ಸಂಶೋಧನೆಯಲ್ಲಿ ಸರಿಯಾಗಿ ಕೂತ ಅನುವಾದ ಅದೊಂದೇ.