ಪ್ಲಂಬರನ ಕತ್ತಿನ ಲೀಕು

"ನೀವೇ ನೋಡಿ ಡಾಕ್ಟ್ರಮ್ಮ, ಮಲಗಿದ್ರೆ ಹೇಗೆ ಹರಟೆ ಹೊಡೀತಾರೆ. ಎಬ್ಬಿಸಿದ್ರೆ ಮಾತ್ರ ತಲೆನೋವು. ಒಂದು ತಿಂಗಳಿಂದ ಇದೇ ನಾಟಕ."

ಪ್ಲಂಬರ್ ಪರೀಕ್ಷೆಯ ಮಂಚದ ಮೇಲೆ ಅಂಗಾತ ಮಲಗಿದ್ದ. ಹೆಂಡತಿ ಅವನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತು ದೂರುತ್ತಿದ್ದಳು. ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದರು.

ಡಾಕ್ಟರ್: ನಾಟಕ ಅಲ್ಲಮ್ಮ. ಇವರ ಕತ್ತಿನ ಮೂಳೆ ಸವೆದಿದೆ. ಸವೆದ ಕಡೆ ಮುಳ್ಳಿನ ಹಾಗೆ ಬೆಳೆದು, ಬೆನ್ನುಹುರಿಯ ಪೊರೆಗೆ ಚುಚ್ಚಿದೆ. ಮಿದುಳಿನ ಸುತ್ತ ಇರೋ ನೀರು ಅಲ್ಲಿಂದ ಸೋರ್ತಿದೆ. ಎದ್ದು ನಿಂತ್ರೆ ಮಿದುಳು ಕೆಳಗೆ ಜಗ್ಗುತ್ತೆ, ಅದಕ್ಕೇ ನೋವು.

ಪ್ಲಂಬರ್: ಕೇಳಿಸ್ತೇನೇ? ನಾಲ್ಕು ದಿನದ ಹಿಂದೆ ಸ್ಕ್ಯಾನಿಗೆ ಕಳಿಸಿದಾಗಲೇ ಇವರು ಲೀಕ್ ಇರಬಹುದು ಅಂದಿದ್ರು.

ಹೆಂಡತಿ: ನಿಮಗೆ ಎಲ್ಲಿ ನೋಡಿದ್ರೂ ಲೀಕೇ. ಅದಕ್ಕೇ ನೀವು ಬಂದು ಹೇಳಿದಾಗ ನಂಬಲಿಲ್ಲ.

ಪ್ಲಂಬರ್: ಇಪ್ಪತ್ತೈದು ವರ್ಷ ಸಿಂಕಿನ ಕೆಳಗೆ ಕತ್ತು ತಿರುಚ್ಕೊಂಡು ಬಿದ್ದಿದ್ದೀನಿ. ಸವೀದೆ ಇನ್ನೇನಾಗುತ್ತೆ?

ಡಾಕ್ಟರ್: ನಿಮ್ಮ ತೋಳಿಂದಾನೇ ರಕ್ತ ತೆಗೆದು ಬೆನ್ನಿಗೆ ಕೊಡ್ತೀವಿ. ಅದು ಹೆಪ್ಪುಗಟ್ಟಿ ತೂತು ಮುಚ್ಚುತ್ತೆ.

ಪ್ಲಂಬರ್: ತೂತು ಕತ್ತಲ್ಲಿ, ಪ್ಯಾಚು ಬೆನ್ನಲ್ಲಾ? ಅಡುಗೆಮನೇಲಿ ಸೋರಿದ್ರೆ ನಾನು ಬಚ್ಚಲಲ್ಲಿ ಅಂಟು ಮೆತ್ತಲ್ಲ ಡಾಕ್ಟ್ರಮ್ಮ.

ಡಾಕ್ಟರ್: ಆ ರಕ್ತ ಒಳಗೇ ಕತ್ತಿನವರೆಗೂ ಮೇಲಕ್ಕೆ ಹರಡುತ್ತೆ.

ಪ್ಲಂಬರ್: ಗ್ಯಾರಂಟಿ?

ಡಾಕ್ಟರ್: ನಿಲ್ಲದಿದ್ರೆ ಇನ್ನೊಂದು ಸಲ ಮಾಡ್ತೀವಿ. ಅದಕ್ಕೂ ಬಗ್ಗದಿದ್ರೆ ಆಪರೇಷನ್.

ಪ್ಲಂಬರ್: ನಾನು ಹೀಗೆ ಹೇಳಿದ್ರೆ ಯಾರೂ ಮನೆಯೊಳಗೆ ಬಿಡಲ್ಲ.

ಹೆಂಡತಿ: ನೀವು ಹೇಳೋದೂ ಅದೇ ತಾನೇ? "ಸದ್ಯಕ್ಕೆ ನಿಂತಿದೆ, ಮತ್ತೆ ಸೋರಿದ್ರೆ ಫೋನ್ ಮಾಡಿ" ಅಂತ.

ಪ್ಲಂಬರ್: ಪ್ಯಾಚು ಗೀಚು ಬೇಡ. ನಾನೇ ಒಂದು ಉಪಾಯ ಮಾಡಿದ್ದೀನಿ. ನಾಲ್ಕು ದಿನದಿಂದ ನೀರು ಕುಡಿಯೋದು ಬಿಟ್ಟಿದ್ದೀನಿ. ಗಂಟಲು ಒಣಗಿದ್ರೆ ಒಂದು ಗುಟುಕು, ಅಷ್ಟೇ.

ಡಾಕ್ಟರ್: ಯಾಕ್ರೀ?

ಪ್ಲಂಬರ್: ಲೀಕ್ ಅಂದ್ಮೇಲೆ ಮೊದಲು ಮೇನ್ ವಾಲ್ವ್ ಬಂದ್ ಮಾಡಬೇಕಲ್ಲ.

ಡಾಕ್ಟರು ಹಾಳೆಯನ್ನು ಮೇಜಿನ ಮೇಲಿಟ್ಟರು. ಹೆಂಡತಿಯ ಕೈಯಿಂದ ಒಂದು ಚಪ್ಪಲಿ ಜಾರಿ ಬಿತ್ತು.

ಹೆಂಡತಿ: ಹಾಗಾದ್ರೆ ನಾನು ಲೋಟ ತಂದಾಗೆಲ್ಲ ಮುಖ ತಿರುಗಿಸಿದ್ದು ಇದಕ್ಕಾ? ಸೋಮಾರಿ ಅಂದಿದ್ದಕ್ಕೆ ನನ್ನ ಕೈ ನೀರೂ ಬೇಡವಾಯ್ತು ಅಂತ ಒಲೆ ಮುಂದೆ ನಿಂತು ಅತ್ತಿದ್ದೀನಿ ಕಣ್ರೀ.

ಪ್ಲಂಬರ್: ಸಿಟ್ಟಲ್ಲ ಮಾರಾಯ್ತಿ, ಭಯ. ಎದ್ದು ನಿಲ್ಲೋಕೇ ಆಗದೋನನ್ನ ಯಾರು ಕೆಲಸಕ್ಕೆ ಕರೀತಾರೆ?

ಡಾಕ್ಟರ್: ಇದು ಪೈಪ್ ಅಲ್ಲಪ್ಪ. ಸೋರಿದ್ದನ್ನ ದೇಹ ತಾನೇ ತುಂಬ್ಕೊಳ್ತಿರುತ್ತೆ. ನೀವು ನೀರೇ ಕುಡೀದಿದ್ರೆ ನೋವು ಇನ್ನೂ ಜಾಸ್ತಿ. ಮೊದಲು ಕುಡೀರಿ.

ಹೆಂಡತಿ ಲೋಟ ತಂದಳು. ಅವನು ಎದ್ದು ಕೂತ. ಮುಖ ಬಿಳಿಚಿಕೊಂಡಿತು, ಎರಡು ಕೈಯಲ್ಲೂ ಹಿಂದಲೆಯನ್ನು ಒತ್ತಿ ಹಿಡಿದ. ಆ ಮುಖವನ್ನು ಅವಳು ತಿಂಗಳಲ್ಲಿ ಮೊದಲ ಸಲ ಸರಿಯಾಗಿ ನೋಡಿದಳು. ಲೋಟವನ್ನು ತಾನೇ ಅವನ ಬಾಯಿಗಿಟ್ಟು ಕುಡಿಸಿದಳು.

ಪ್ಲಂಬರ್: ಸರಿ ಡಾಕ್ಟ್ರಮ್ಮ, ಹಾಕಿ ಪ್ಯಾಚು. ಯಾವ ರೂಮು? ನಡ್ಕೊಂಡೇ ಬರ್ತೀನಿ.

ಹೆಂಡತಿ: ಎದ್ದರೆ ಕಾಲು ಮುರೀತೀನಿ. ಸುಮ್ನೆ ಮಲಗಿ, ತಳ್ಳೋ ಗಾಡಿ ತರಿಸ್ತೀನಿ.

ಪ್ಲಂಬರ್: ತಿಂಗಳಿಂದ "ಏಳಿ, ಏಳಿ" ಅಂತ ಪ್ರಾಣ ತಿಂದೋಳು ನೀನೇ ತಾನೇ?

ಹೆಂಡತಿ: ಆ "ಏಳಿ" ಅನ್ನೋಳನ್ನ ಈಗಷ್ಟೇ ಹೊರಗೆ ಕಳಿಸ್ದೆ. ನೀವು ಈ "ಮಲಗಿ" ಅನ್ನೋಳ ಮಾತು ಕೇಳಿ.