ರಂಭೆಗೆ ತಕ್ಕ ಮೋಟಾರು

ಮೋಟಾರು ಆರಿಸುವುದರಲ್ಲಿ ಮೈಸೂರಿನ ಇಡೀ ಲಕ್ಷ್ಮೀಪುರಂನಲ್ಲಿ ನನ್ನನ್ನು ಮೀರಿಸುವವರಿಲ್ಲ! ಸಾವಿರದ ಒಂಬೈನೂರ ಐವತ್ತೆರಡರ ಒಂದು ಸೋಮವಾರ ಬೆಳಿಗ್ಗೆ ನಾನು ಹೀಗೆಂದು ಘೋಷಿಸಿದೆ. ನನ್ನ ಹತ್ತಿರ ಸ್ವಂತ ಸೈಕಲ್ಲೂ ಇರಲಿಲ್ಲ ಎಂಬುದು ಬೇರೆ ಮಾತು.

ಸಂಗತಿ ಇಷ್ಟು. ನನ್ನ ಮಾವ ಪುಟ್ಟಣ್ಣನವರು ಅರಮನೆಯ ಕುದುರೆ ಲಾಯದಲ್ಲಿ ಮೂವತ್ತು ವರ್ಷ ದುಡಿದವರು. ನಿವೃತ್ತರಾದಾಗ ರಂಭೆ ಎಂಬ ಮುದಿ ಹೆಣ್ಣುಕುದುರೆಯನ್ನು ಜೊತೆಗೆ ಕರೆದುಕೊಂಡು ನಂಜನಗೂಡಿನಲ್ಲಿ ನೆಲೆಸಿದರು. ಅತ್ತೆ ತೀರಿಕೊಂಡ ಮೇಲೆ ಅವರು ಬಾಯಿಬಿಟ್ಟು ಮಾತಾಡುತ್ತಿದ್ದುದೇ ರಂಭೆಯ ಜೊತೆ. ಈಗ ಅದರ ಗೊರಸಿಗೆ ಮೊಳೆ ಚುಚ್ಚಿ ಕೀವಾಗಿತ್ತು. "ನಡೆಸಬೇಡಿ, ಬೇಗ ಮೈಸೂರಿಗೆ ಸಾಗಿಸಿ" ಎಂದಿದ್ದರು ದನದ ಡಾಕ್ಟರು. ರೇಸಿನ ಕುದುರೆ ಸಾಗಿಸುವ ಎರಡು ಚಕ್ರದ ಟ್ರೈಲರೊಂದು ಸ್ನೇಹಿತರಿಂದ ಸಿಕ್ಕಿತು. ಅದನ್ನು ಎಳೆಯಲು ಮೋಟಾರು ಗೊತ್ತುಮಾಡುವ ಹೊಣೆ ನನ್ನದು!

ಮೆಕ್ಯಾನಿಕ್ ಮಹದೇವು ಅವತ್ತೇ ಒಂದು ಜೀಪು ತಂದು ನಿಲ್ಲಿಸಿದ. "ಇದೇ ಸಾಕು ಬುಡಿ ಸ್ವಾಮಿ. ಈಗ್ಲೇ ಒಂಟೋಗುವ."

"ಈ ಡಬ್ಬಿಯೇ? ಅರಮನೆಯ ಕುದುರೆ ಕಣಯ್ಯ! ಭಾರೀ ಮೋಟಾರು ಬೇಕು!"

ಮಂಗಳವಾರ ಮಿಲಿಟರಿಯವರು ಹರಾಜು ಹಾಕಿದ್ದ ಮೂರು ಮೋಟಾರುಗಳನ್ನು ಪರಿಶೀಲಿಸಿದೆ. ಒಂದು ಹೊಗೆ ಕಾರಿತು. ಒಂದರ ಬಣ್ಣ ಒಪ್ಪಲಿಲ್ಲ. ಮೂರನೆಯದೇ ಮಹಾಮೋಟಾರು! ಆರು ಸಿಲಿಂಡರು, ತೊಂಬತ್ತು ಕುದುರೆಗಳ ಶಕ್ತಿ! ಅದನ್ನೇ ಗೊತ್ತುಮಾಡಿದೆ.

"ಒಂದು ಕುದುರೆ ಎಳೆಯೋಕೆ ತೊಂಬತ್ತು ಕುದುರೆ ಯಾಕ್ರೀ?" ಎಂದಳು ಹೆಂಡತಿ ಅಂಬುಜಾ.

"ನಿನಗೆ ಗೊತ್ತಾಗಲ್ಲ, ಸುಮ್ಮನಿರು."

"ಅಪ್ಪ ಬಸ್ಸಿನವನ ಕೈಲಿ ಚೀಟಿ ಕಳಿಸಿದ್ದಾರೆ. ರಂಭೆ ಮೇವು ಬಿಟ್ಟಿದೆಯಂತೆ."

ಹಾಗೆಂದು ಪರೀಕ್ಷೆ ಮಾಡದೆ ಹೊರಡಲಾದೀತೆ! ಬುಧವಾರ ಟ್ರೈಲರಿಗೆ ಕುದುರೆಯ ತೂಕದಷ್ಟು ಮರಳು ತುಂಬಿಸಿದೆ. ಮಹದೇವು ಸ್ಟಿಯರಿಂಗ್ ಹಿಡಿದ. ಸವಾರಿ ಚಾಮುಂಡಿ ಬೆಟ್ಟಕ್ಕೆ!

"ಅದು ಹೋಗಬೇಕಾದ್ದು ದನದಾಸ್ಪತ್ರೆಗೆ ಕಣ್ರೀ, ಬೆಟ್ಟಕ್ಕಲ್ಲ!" ಎಂದು ಅಂಬುಜಾ ಗೇಟಿನಿಂದ ಕೂಗುತ್ತಲೇ ಇದ್ದಳು.

ಹತ್ತುವಾಗ ಮೋಟಾರು ಗಜರಾಜನಂತೆ ಹತ್ತಿತು. ಇಳಿಯುವಾಗ ತಿರುವಿನಲ್ಲಿ ಕೊಂಡಿ ಕಳಚಿ ಟ್ರೈಲರು ತನ್ನ ಪಾಡಿಗೆ ತಾನು ಹೋಗಿ ಬಂಡೆಗೆ ಗುದ್ದಿತು. ಚಕ್ರ ಸೊಟ್ಟಗಾಯಿತು. ಗುರುವಾರವೆಲ್ಲ ಅದರ ರಿಪೇರಿ.

ಶುಕ್ರವಾರ ಜರಿ ಪೇಟ ಧರಿಸಿ ಮುಂದಿನ ಸೀಟಿನಲ್ಲಿ ವಿರಾಜಮಾನನಾದೆ. ನಂಜನಗೂಡಿಗೆ ಹೋಗುವಾಗ ಕಡಕೊಳ ದಾಟಿದ ಮೇಲೆ ರಸ್ತೆಯಲ್ಲಿ ಜನ ಗುಂಪುಕಟ್ಟಿದ್ದರು.

"ಹಾರನ್ ಹೊಡಿಯೋ! ದಾರಿ ಬಿಡಲಿ!" ಎಂದೆ.

ಮಹದೇವು ಹೊಡೆಯಲಿಲ್ಲ. ಗಾಡಿ ನಿಲ್ಲಿಸಿದ. "ಸ್ವಾಮಿ... ನಿಮ್ಮ ಮಾವನೋರು."

ಹುಣಸೆ ಮರದ ಕೆಳಗೆ ರಂಭೆ ಮಲಗಿತ್ತು. ಮಾವ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೊಣ ಓಡಿಸುತ್ತಿದ್ದರು.

"ನಾಲ್ಕು ದಿನ ಕಾದೆ ಅಳಿಯಂದ್ರೇ. ಇನ್ನು ಸುಮ್ಮನೆ ಕೂತ್ರೆ ಆಗಲ್ಲ ಅಂತ ಬೆಳಗಿನ ಜಾವ ಹೊರಟ್ವಿ. ಮೂರೇ ಕಾಲಲ್ಲಿ ಆರು ಮೈಲಿ ನಡೆದಳು" ಎಂದರು.

ನಾನು ಓಡಿದೆ. ಟ್ರೈಲರಿನ ಹಲಗೆ ಇಳಿಸುವಷ್ಟರಲ್ಲಿ ರಂಭೆಯ ಹೊಟ್ಟೆ ಏರಿಳಿಯುವುದು ನಿಂತಿತು.

ಎಂಟು ಜನ ಸೇರಿ ಅದನ್ನು ಮೇಲೇರಿಸಿದರು. ಮಾವ ಮುಂದೆ ಕೂರಲು ಒಪ್ಪದೆ ಟ್ರೈಲರಿನಲ್ಲೇ ಅದರ ಪಕ್ಕ ಕುಳಿತರು. ಮಹಾಮೋಟಾರು ಒಂದಿಷ್ಟೂ ತಿಣುಕದೆ ನಂಜನಗೂಡಿಗೆ ಎಳೆಯಿತು. ಜೀಪಾದರೂ ಇಷ್ಟೇ ಸಲೀಸಾಗಿ ಎಳೆಯುತ್ತಿತ್ತು ಎಂದು ಮಹದೇವು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಕಪಿಲೆಯ ದಡದಲ್ಲಿ ಮಣ್ಣು ಮಾಡಿದೆವು. ಮಾವ ಹೊಳೆಯಲ್ಲಿ ಕೈಕಾಲು ತೊಳೆದು ಬಂದರು. ನಾನು ಪೇಟ ಕಂಕುಳಲ್ಲಿ ಅವುಚಿಕೊಂಡು, "ಮಾವಯ್ಯ, ನನ್ನದು ತಪ್ಪಾಯ್ತು" ಎಂದೆ.

ಅವರು ಮೋಟಾರನ್ನು ಮೇಲಿಂದ ಕೆಳಗೆ ನೋಡಿದರು. ಮುಖದಲ್ಲಿ ಕೋಪವಿರಲಿಲ್ಲ.

"ಒಳ್ಳೇ ಗಾಡಿ ಕಣ್ರೀ. ಆದ್ರೆ ಒಂದು ಮಾತು ಅಳಿಯಂದ್ರೇ. ನಾಳೆ ನಂಗೇನಾದ್ರೂ ಆದ್ರೆ ಗಾಡಿ ಆರಿಸೋಕೆ ಹೋಗ್ಬೇಡಿ. ನಡ್ಕೊಂಡೇ ಬಂದ್ಬುಡಿ. ಬೇಗ ಬರ್ತೀರಿ!"